ಕೆಲಸ ಇಲ್ಲ ಅಂತಾರೆ, ಕೆಲಸಕ್ಕೆ ಜನ ಇಲ್ಲ ಅಂತಾರೆ: ದಾವಣಗೆರೆ, ಹರಿಹರದಲ್ಲಿ ಯಾವುದು ನಿಜ?

ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆ ಕಡೆ ಒಂದು ಸುತ್ತು ಹಾಕಿದರೆ ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ’ ಎಂಬ ಚೀಟಿ ಒಂದಲ್ಲ ಒಂದು ಅಂಗಡಿ ಬಾಗಿಲಲ್ಲಿ ಕಾಣುತ್ತದೆ. ‘ಹುಡುಗ್ರೇ ಸಿಗ್ತಿಲ್ಲ ನೋಡ್ರಿ, ಬಂದೋರೂ ತಿಂಗ್ಳು ನಿಲ್ಲಲ್ಲ’ ಎನ್ನುವುದು ಮಾಲೀಕರ ಮಾತು. ಅದೇ ಬೀದಿಯ ಟೀ ಅಂಗಡಿ ಮುಂದೆ ನಿಂತ ಪದವೀಧರ ಹುಡುಗರನ್ನು ಕೇಳಿದರೆ ‘ಈ ಊರಾಗೆ ಕೆಲ್ಸ ಎಲ್ಲೈತ್ರಿ’ ಎನ್ನುತ್ತಾರೆ. ಹರಿಹರದ ಪೇಟೆಯಲ್ಲೂ ಇದೇ ಕಥೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಈ ಎರಡು ಮಾತನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳಲು ‘ನಿರುದ್ಯೋಗ ಶೇಕಡ ಇಷ್ಟು’ ಎಂದು ಪೇಪರ್‌ನಲ್ಲಿ ಬರುವ ಒಂದು ಅಂಕಿ ಸಾಲದು. ಅದರ ಪಕ್ಕದಲ್ಲೇ ಇರುವ, ಹೆಚ್ಚು ಜನ ನೋಡದ ಇನ್ನೊಂದು ಅಂಕಿಯನ್ನು ನೋಡಬೇಕು. ದುಡಿಯುವ ವಯಸ್ಸಿನ ನೂರು ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಅಥವಾ ಕೆಲಸ ಬೇಕು ಎನ್ನುತ್ತಿದ್ದಾರೆ ಎಂಬ ಲೆಕ್ಕ ಅದು. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ‘ಕಾರ್ಮಿಕ ಬಲ ಭಾಗವಹಿಸುವಿಕೆ ದರ’ ಎಂದು ಹೆಸರು.

ನೂರು ಜನರ ಒಂದು ಬೀದಿ

ಲೆಕ್ಕ ಸುಲಭ. ಒಂದು ಬೀದಿಯಲ್ಲಿ 15ರಿಂದ 59 ವರ್ಷದ ನೂರು ಜನ ಇದ್ದಾರೆ ಎಂದುಕೊಳ್ಳಿ. 50 ಜನ ಏನಾದರೂ ಒಂದು ದುಡಿಮೆಯಲ್ಲಿದ್ದಾರೆ. 5 ಜನ ಕೆಲಸ ಹುಡುಕುತ್ತಿದ್ದಾರೆ. ಉಳಿದ 45 ಜನ ಓದುತ್ತಿದ್ದಾರೆ, ಮನೆ ನೋಡಿಕೊಳ್ಳುತ್ತಿದ್ದಾರೆ ಅಥವಾ ಬೇರೆ ಕಾರಣಕ್ಕೆ ಕೆಲಸದ ಗೊಡವೆಗೇ ಹೋಗಿಲ್ಲ.

ಇಲ್ಲಿ ‘ಕಾರ್ಮಿಕ ಬಲ’ ಎಂದರೆ 50 ಮತ್ತು 5 ಸೇರಿ 55. ಹಾಗಾಗಿ ಭಾಗವಹಿಸುವಿಕೆ ದರ ಶೇ 55. ನಿರುದ್ಯೋಗ ದರವನ್ನು ನೂರು ಜನರ ಮೇಲೆ ಹಾಕುವುದಿಲ್ಲ, ಈ 55ರ ಮೇಲೆ ಹಾಕುತ್ತಾರೆ. 55ರಲ್ಲಿ 5 ಎಂದರೆ ಸುಮಾರು ಶೇ 9.

ಮುಂದಿನ ವರ್ಷ ಆ ಐವರಲ್ಲಿ ಮೂವರು ಅಲೆದು ಅಲೆದು ಸಾಕಾಗಿ, ‘ಇನ್ನ ಬ್ಯಾಡ, ಮನೇಲೇ ಇರ್ತೀನಿ’ ಎಂದು ಕೈಬಿಟ್ಟರು. ಈಗ ಕಾರ್ಮಿಕ ಬಲ 52, ಹುಡುಕುವವರು 2. ನಿರುದ್ಯೋಗ ಶೇ 9ರಿಂದ ಶೇ 4ರ ಆಸುಪಾಸಿಗೆ ಇಳಿಯಿತು. ಕೇಳಲು ಒಳ್ಳೆಯ ಸುದ್ದಿ. ಆದರೆ ಬೀದಿಯಲ್ಲಿ ಹೊಸದಾಗಿ ಒಬ್ಬರಿಗೂ ಕೆಲಸ ಸಿಕ್ಕಿಲ್ಲ.

ನಿರುದ್ಯೋಗದ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುವುದು ಹೀಗೆ. ಹುಡುಕುವುದನ್ನೇ ನಿಲ್ಲಿಸಿದವರು ಆ ಲೆಕ್ಕದಿಂದ ಹೊರಗೆ ಬೀಳುತ್ತಾರೆ. ಅವರು ಕಾಣಿಸುವುದು ಭಾಗವಹಿಸುವಿಕೆ ದರ ಇಳಿದಾಗ ಮಾತ್ರ.

ಹಾಗೆಂದು ಹೊರಗೆ ಉಳಿದವರೆಲ್ಲ ಸಮಸ್ಯೆಯಲ್ಲ. ದಾವಣಗೆರೆ ವಿದ್ಯಾನಗರಿ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾಯಿತು. ಆಮೇಲೆ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ಬಂದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೂ ಆಯಿತು. ಹದಿನೆಂಟು, ಇಪ್ಪತ್ತು ವರ್ಷದ ಮಕ್ಕಳು ಕ್ಲಾಸಿನಲ್ಲಿ ಕೂತಿದ್ದರೆ ಅವರು ಕಾರ್ಮಿಕ ಬಲದ ಹೊರಗೆ ಇರುವುದು ಒಳ್ಳೆಯದೇ. ಪ್ರಶ್ನೆ ಏಳುವುದು ಓದು ಮುಗಿದ ಮೇಲೆ ಅವರು ಎಲ್ಲಿಗೆ ಹೋದರು ಎಂಬಲ್ಲಿ.

ದೇಶದ ಅಂಕಿ ಏನು ಹೇಳುತ್ತದೆ?

ಈ ಲೆಕ್ಕ ಹಾಕುವುದು ಕೇಂದ್ರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ. 2017ರಿಂದ ಅದು ನಡೆಸುತ್ತಿರುವ ಸಮೀಕ್ಷೆಯನ್ನು ‘ಪಿಎಲ್‌ಎಫ್‌ಎಸ್’ ಎಂದು ಕರೆಯುತ್ತಾರೆ. ಅದರ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ಭಾಗವಹಿಸುವಿಕೆ ದರ 2017–18ರಲ್ಲಿ ಶೇ 49.8 ಇತ್ತು. 2023–24ರ ಹೊತ್ತಿಗೆ ಶೇ 60.1ಕ್ಕೆ ಏರಿತು. ಗಂಡಸರದು ಶೇ 78.8, ಹೆಂಗಸರದು ಶೇ 41.7. ಹೆಂಗಸರ ದರ ಆರು ವರ್ಷದ ಹಿಂದೆ ಬರೀ ಶೇ 23.3 ಇತ್ತು.

ಏರಿಕೆ ದೊಡ್ಡದೇ. ಆದರೆ ಅದರ ಒಳಗೆ ಇಣುಕಬೇಕು. ಪಟ್ಟಣಗಳ ಹೆಂಗಸರದ್ದಷ್ಟೇ ತೆಗೆದುಕೊಂಡರೆ 2023–24ರಲ್ಲಿ ಶೇ 28, ಹಳ್ಳಿಯಲ್ಲಿ ಶೇ 47.6. ದುಡಿಯುವ ಹೆಂಗಸರಲ್ಲಿ ಮೂರನೇ ಎರಡು ಭಾಗದಷ್ಟು ಮಂದಿ ‘ಸ್ವಂತ ಉದ್ಯೋಗ’ದ ಲೆಕ್ಕದಲ್ಲಿ ಬರುತ್ತಾರೆ. ಅದರಲ್ಲೂ ಬಹಳಷ್ಟು ಜನ ಮನೆಯವರ ಹೊಲ, ಅಂಗಡಿ, ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವವರು. ತಿಂಗಳ ಸಂಬಳದ ಕೆಲಸ ಇರುವುದು ನೂರರಲ್ಲಿ ಸುಮಾರು 16 ಹೆಂಗಸರಿಗೆ ಮಾತ್ರ.

ಒಂದೇ ವಿಷಯಕ್ಕೆ ಎರಡು ಅಂಕಿ ಕಂಡರೆ ಗಾಬರಿ ಬೇಡ. ವರ್ಷಪೂರ್ತಿಯ ಲೆಕ್ಕದಲ್ಲಿ 30 ದಿನ ದುಡಿದವರನ್ನೂ ಸೇರಿಸುತ್ತಾರೆ. ವಾರದ ಲೆಕ್ಕದಲ್ಲಿ ಕಳೆದ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ‘ಕೆಲಸದಲ್ಲಿದ್ದಾರೆ’ ಎಂದು ಬರೆದುಕೊಳ್ಳುತ್ತಾರೆ. 2025ರ ಏಪ್ರಿಲ್‌ನಿಂದ ಪ್ರತಿ ತಿಂಗಳು ಬರುತ್ತಿರುವ ಅಂಕಿ ವಾರದ ಲೆಕ್ಕದ್ದು. ಆ ಮೊದಲ ತಿಂಗಳು ದೇಶದ ದರ ಶೇ 55.6 ಇತ್ತು. ವರ್ಷದ 60.1ಕ್ಕೂ ಇದಕ್ಕೂ ಹೋಲಿಸಿ ‘ಕುಸಿತ’ ಎನ್ನುವುದು ತಪ್ಪು. ಅಳತೆಗೋಲೇ ಬೇರೆ.

ಸೈರನ್ ಇದ್ದ ಕಾಲ

ಈ ಅಂಕಿಗಳನ್ನು ದಾವಣಗೆರೆ, ಹರಿಹರಕ್ಕೆ ಹಚ್ಚಿ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದ ಕಾಲವಿತ್ತು. ದಾವಣಗೆರೆ ಕಾಟನ್ ಮಿಲ್, ಯಲ್ಲಮ್ಮ ಮಿಲ್ ಸೇರಿದಂತೆ ಹತ್ತಿ ಮಿಲ್ಲುಗಳ ಪಾಳಿಯ ಸೈರನ್ ಊರಿಗೇ ಗಡಿಯಾರ. ಮಿಲ್ ಕಾರ್ಮಿಕರ ಸಂಘಟನೆ ಎಷ್ಟು ಗಟ್ಟಿ ಇತ್ತೆಂದರೆ, ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ಈ ಊರು ವಿಧಾನಸಭೆಗೆ ಕಳಿಸಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಲ್ಲೆಡೆ ಹೋಗುತ್ತಿದ್ದವು.

ಮಿಲ್ಲುಗಳು ಒಂದೊಂದಾಗಿ ನಿಂತವು. ಈ ಶತಮಾನದ ಆರಂಭದ ಹೊತ್ತಿಗೆ ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಇವತ್ತಿಗೆ ‘ಡಿಸಿಎಂ ಟೌನ್‌ಶಿಪ್’ ಎಂಬ ಬಡಾವಣೆಯ ಹೆಸರು ಉಳಿದಿದೆ, ಮಿಲ್ ಇಲ್ಲ.

ಕೆಲಸ ಕಳೆದುಕೊಂಡವರೆಲ್ಲ ಮನೆಯಲ್ಲಿ ಕೂರಲಿಲ್ಲ. ಕೂರುವ ಹಾಗೂ ಇರಲಿಲ್ಲ. ಕೆಲವರು ಆಟೊ ಹತ್ತಿದರು, ಕೆಲವರು ಎಪಿಎಂಸಿಯಲ್ಲಿ ಹಮಾಲಿ ಮಾಡಿದರು, ಕೈಯಲ್ಲಿ ಕಸುಬಿದ್ದವರು ಸಣ್ಣ ವರ್ಕ್‌ಶಾಪ್ ಸೇರಿದರು ಅಥವಾ ತಾವೇ ಹಾಕಿದರು. ಗಂಡಸರ ಭಾಗವಹಿಸುವಿಕೆ ದರ ಕುಸಿಯದೇ ಇರಲು ಇದೇ ಕಾರಣ. ಬದಲಾದದ್ದು ಕೆಲಸದ ಗುಣ. ಪಿಎಫ್, ಇಎಸ್‌ಐ, ಬೋನಸ್ಸು, ಕ್ವಾರ್ಟರ್ಸ್ ಇದ್ದ ಕೆಲಸ ಹೋಗಿ ದಿನಗೂಲಿ ಬಂತು. ಎರಡನ್ನೂ ಸಮೀಕ್ಷೆ ‘ಕೆಲಸದಲ್ಲಿದ್ದಾರೆ’ ಎಂದೇ ಎಣಿಸುತ್ತದೆ.

ಟೀ ಅಂಗಡಿ ಮುಂದಿನ ಹುಡುಗ ‘ಕೆಲ್ಸ ಇಲ್ಲ’ ಎಂದಾಗ ಅವನು ಹೇಳುತ್ತಿರುವುದು ಈ ಕೆಲಸದ ಬಗ್ಗೆ. ಅಪ್ಪನೋ ಅಜ್ಜನೋ ಮಾಡುತ್ತಿದ್ದಂಥ, ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳಬಹುದಾದಂಥ ಕೆಲಸ ಇಲ್ಲ ಎಂದು. ಮಾಲೀಕರು ‘ಜನ ಇಲ್ಲ’ ಎಂದಾಗ ಹೇಳುತ್ತಿರುವುದು ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತು ಮಾಡುವ ಕೆಲಸದ ಬಗ್ಗೆ. ಇಬ್ಬರೂ ‘ಕೆಲಸ’ ಎಂಬ ಒಂದೇ ಪದ ಬಳಸಿದರೂ ಮಾತಾಡುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ.

ಸೇತುವೆ ದಾಟಿದರೆ ಬೇರೆ ಜಿಲ್ಲೆ

ಹರಿಹರದ್ದು ಇನ್ನೊಂದು ವಿಶೇಷ. ತುಂಗಭದ್ರಾ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿರುವ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಶುರುವಾಯಿತು. ಹೆಸರಲ್ಲಿ ಹರಿಹರ ಇದ್ದರೂ ಜಾಗ ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನದು. ಹರಿಹರದಲ್ಲಿ ಮನೆ, ಹೊಳೆಯಾಚೆ ಕೆಲಸ ಎನ್ನುವ ಕುಟುಂಬಗಳು ಎಷ್ಟೋ.

ಸಮೀಕ್ಷೆ ಜನರನ್ನು ಎಣಿಸುವುದು ಮನೆ ಇರುವ ಕಡೆ, ಕಾರ್ಖಾನೆ ಇರುವ ಕಡೆ ಅಲ್ಲ. ಹೊಳೆಯಾಚೆ ದುಡಿಯುವವರೂ ದಾವಣಗೆರೆ ಜಿಲ್ಲೆಯ ಲೆಕ್ಕಕ್ಕೇ ಸೇರುತ್ತಾರೆ. ಇನ್ನೊಂದು ಕಡೆ, ಬೆಂಗಳೂರಿಗೆ ಹೋಗಿ ಪಿಜಿಯಲ್ಲಿದ್ದು ದುಡಿಯುವ ಮಗನೋ ಮಗಳೋ ಆರು ತಿಂಗಳಿಗಿಂತ ಹೆಚ್ಚು ಅಲ್ಲೇ ಇದ್ದರೆ ಸಾಮಾನ್ಯವಾಗಿ ಈ ಮನೆಯ ಲೆಕ್ಕದಲ್ಲಿ ಬರುವುದಿಲ್ಲ. ಜಿಲ್ಲೆಯ ಗಡಿ ನಕ್ಷೆಯಲ್ಲಿ ಇದೆ. ಕೆಲಸದ ಮಾರುಕಟ್ಟೆಗೆ ಆ ಗಡಿ ಗೊತ್ತಿಲ್ಲ. ಬೆಂಗಳೂರು–ಪುಣೆ ಹೆದ್ದಾರಿ, ರೈಲು ಎರಡೂ ಇರುವ ಊರಲ್ಲಿ ಓದಿದವರು ಮೊದಲು ಬಸ್ ಸ್ಟ್ಯಾಂಡ್ ಕಡೆ ನೋಡುವುದು ಸಹಜ.

‘ಮನೇಲೇ ಇರ್ತೀನಿ’ ಎನ್ನುವ ಉತ್ತರ

ಲೆಕ್ಕದಿಂದ ಅತಿ ಹೆಚ್ಚು ತಪ್ಪಿಹೋಗುವುದು ಹೆಂಗಸರ ದುಡಿಮೆ. ಅದಕ್ಕೆ ಬಹುಪಾಲು ಕಾರಣ ಮನೆಯವರು ಕೊಡುವ ಉತ್ತರವೇ.

ಬೀಡಿ ಕಟ್ಟುವ ಮನೆಗಳನ್ನು ನೋಡಿ. ಎಲೆ, ಹೊಗೆಸೊಪ್ಪಿನ ಪುಡಿ ಮನೆಗೆ ಬರುತ್ತದೆ. ಅಡುಗೆ, ಮಕ್ಕಳು, ನೀರು ಎಲ್ಲದರ ಮಧ್ಯೆ ಮೊರ ತೊಡೆ ಮೇಲೆ ಇಟ್ಟುಕೊಂಡು ಕಟ್ಟುತ್ತಾರೆ. ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಮಂಡಕ್ಕಿ ಭಟ್ಟಿಗಳಲ್ಲಿ ಬೆಳಗಿನ ಜಾವವೇ ಕೆಲಸ ಶುರು. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಕಾದ ಮರಳಲ್ಲಿ ಹುರಿಯುವುದು. ಗಂಡ ಹೆಂಡತಿ ಇಬ್ಬರೂ ಕೈ ಹಾಕಿದರಷ್ಟೇ ಚೀಲ ತುಂಬುತ್ತದೆ. ಭದ್ರಾ ನಾಲೆಯ ನೀರು ಬಿಟ್ಟಾಗ ಹರಿಹರ, ಮಲೇಬೆನ್ನೂರು ಕಡೆ ನಾಟಿಗೆ ಹೆಂಗಸರ ಗುಂಪು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತದೆ. ಕೊಯ್ಲಿಗೆ ಈಗ ಯಂತ್ರ ಬಂದಿದೆ, ಹಾಗಾಗಿ ಆ ಕೂಲಿ ದಿನಗಳು ಕಡಿಮೆಯಾಗಿವೆ.

ಇವರನ್ನೆಲ್ಲ ‘ನೀವೇನ್ ಕೆಲ್ಸ ಮಾಡ್ತೀರಮ್ಮ’ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ: ‘ಏನಿಲ್ಲ, ಮನೇಲೇ ಇರ್ತೀನಿ.’ ಉತ್ತರ ಕೊಡುವವರು ಗಂಡನೋ ಮಾವನೋ ಆಗಿದ್ದರೆ ಇನ್ನೂ ಗಟ್ಟಿಯಾಗಿ ‘ನಮ್ಮನೇ ಹೆಣ್ಮಕ್ಳು ಕೆಲ್ಸಕ್ಕೆ ಹೋಗಲ್ಲ’ ಎನ್ನುತ್ತಾರೆ. ಗಣತಿದಾರರು ಮತ್ತೊಂದು ಪ್ರಶ್ನೆ ಕೇಳದಿದ್ದರೆ ಆಯಿತು, ‘ಗೃಹಕೃತ್ಯ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಇದು ಅಂಗಡಿಯವರ ಮನೆಗೂ ಅನ್ವಯಿಸುತ್ತದೆ. ಕಿರಾಣಿ ಅಂಗಡಿಯಲ್ಲಿ ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದಾಗ ಗಲ್ಲಾ ಮೇಲೆ ಕೂರುವವರು ಯಾರು? ಸಂಜೆ ಮೆಣಸಿನಕಾಯಿ ಬೋಂಡಾಕ್ಕೆ ಹಿಟ್ಟು ಕಲಸುವವರು, ಬೆಣ್ಣೆ ದೋಸೆ ಹೋಟೆಲಿಗೆ ಬೆಳಗ್ಗೆ ಚಟ್ನಿ ರುಬ್ಬುವವರು ಯಾರು? ಸಂಬಳ ಇಲ್ಲದಿದ್ದರೂ ಇದು ದುಡಿಮೆಯೇ. ಸಮೀಕ್ಷೆಯ ನಿಯಮದಲ್ಲೇ ‘ಕುಟುಂಬದ ಉದ್ಯಮದಲ್ಲಿ ಸಹಾಯಕರು’ ಎಂಬ ಪ್ರತ್ಯೇಕ ಕಾಲಂ ಇದೆ.

ಮನೆ ಅಡುಗೆ, ಮಕ್ಕಳ ಪಾಲನೆ ಮಾತ್ರ ಈ ನಿಯಮದಲ್ಲಿ ‘ಕೆಲಸ’ ಎನಿಸುವುದಿಲ್ಲ. ಆದರೆ ಅದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನು ಬೇರೆ ಸಮೀಕ್ಷೆ ಅಳೆದಿದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಅಂದರೆ ಐದು ಗಂಟೆಗೆ ಹತ್ತಿರ, ಅದರಲ್ಲಿ ಕಳೆಯುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರದ್ದು 88 ನಿಮಿಷ. ಐದು ಗಂಟೆ ಅಲ್ಲೇ ಹೋದ ಮೇಲೆ ಹನ್ನೊಂದು ಗಂಟೆಯ ಅಂಗಡಿ ಕೆಲಸಕ್ಕೆ ಸಮಯ ಎಲ್ಲಿಂದ ಬರಬೇಕು?

ಅಂಗಡಿಯವರಿಗೆ ಇದರಿಂದ ಏನು?

ಇಲ್ಲೇ ವ್ಯಾಪಾರಸ್ಥರ ಪ್ರಶ್ನೆಗೂ ಉತ್ತರ ಇರುವುದು. ‘ಜನ ಸಿಗ್ತಿಲ್ಲ’ ಎನ್ನುವ ಊರಿನಲ್ಲೇ ದುಡಿಯುವ ವಯಸ್ಸಿನ, ಓದಿರುವ, ಲೆಕ್ಕ ಬಲ್ಲ ನೂರಾರು ಹೆಂಗಸರು ಮನೆಯಲ್ಲಿದ್ದಾರೆ. ಅವರನ್ನು ತಡೆಯುತ್ತಿರುವುದು ಬರೀ ಸಂಬಳವಲ್ಲ.

ಮೊದಲನೆಯದು ಸಮಯ. ಮಕ್ಕಳು ಶಾಲೆಗೆ ಹೋದ ಮೇಲೆ ಬಂದು, ಅವರು ವಾಪಸ್ ಬರುವ ಹೊತ್ತಿಗೆ ಹೋಗುವ ಹಾಗಿದ್ದರೆ ಬರುವವರು ಇದ್ದಾರೆ. ಇಡೀ ದಿನಕ್ಕೆ ಒಬ್ಬರ ಬದಲು ಎರಡು ಪಾಳಿಗೆ ಇಬ್ಬರು ಎಂದರೆ ಮಾಲೀಕರಿಗೂ ಒಬ್ಬರು ರಜೆ ಹಾಕಿದಾಗ ಅಂಗಡಿ ನಿಲ್ಲುವುದಿಲ್ಲ.

ಎರಡನೆಯದು ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಹರಿಹರ–ದಾವಣಗೆರೆ ನಡುವೆ 14 ಕಿ.ಮೀ. ಆಚೀಚೆ. ಬಸ್ ಚಾರ್ಜ್ ಉಳಿಯುತ್ತದೆ ಎಂದರೆ ಸಣ್ಣ ಸಂಬಳದ ಕೆಲಸವೂ ಗಿಟ್ಟುತ್ತದೆ. ಆದರೆ ಖಾಸಗಿ ಬಸ್‌ಗೆ ಇದು ಅನ್ವಯಿಸುವುದಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡಿನಿಂದ ಬಡಾವಣೆಯೊಳಗಿನ ಮನೆ ತಲುಪುವುದು ಬೇರೆ ಪ್ರಶ್ನೆ.

ಮೂರನೆಯದು ಮಗು. ಅಂಗನವಾಡಿ ಸಂಜೆಯ ಹೊತ್ತಿಗೆ ಮುಚ್ಚುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಮಟ್ಟದಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ. ಪೇಟೆಯ ಅಂಗಡಿ, ಹೋಟೆಲು, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಅದು ಸಿಗುವುದಿಲ್ಲ. ಒಂದು ಬೀದಿಯ ವ್ಯಾಪಾರಿಗಳು ಸೇರಿದರೆ ಹತ್ತು ಮಕ್ಕಳಿಗೆ ಒಂದು ಕೋಣೆ, ಒಬ್ಬರು ಆಯಾ ಅಸಾಧ್ಯವೇನಲ್ಲ.

ನಾಲ್ಕನೆಯದು ಎಲ್ಲರೂ ಬಾಯಿ ಬಿಟ್ಟು ಹೇಳದ ಮಾತು: ಶೌಚಾಲಯ. ಹಳೇ ಪೇಟೆಯ ಎಷ್ಟೋ ಅಂಗಡಿಗಳಲ್ಲಿ ಅದಿಲ್ಲ. ಗಂಡಸರು ಹೇಗೋ ನಿಭಾಯಿಸುತ್ತಾರೆ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ನಿಲ್ಲುತ್ತಾರೆ, ಕೊನೆಗೆ ಕೆಲಸವನ್ನೇ ಬಿಡುತ್ತಾರೆ.

ಹುಡುಗರ ವಿಷಯದಲ್ಲಿ ಕಥೆ ಬೇರೆ. ಡಿಗ್ರಿ ಮುಗಿಸಿ ಮೂರ್ನಾಲ್ಕು ವರ್ಷ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ಅನೇಕರು. ಅಂಗಡಿ ಕೆಲಸವನ್ನು ಅವರು ‘ನಡುವಿನ ಕೆಲಸ’ ಎಂದೇ ನೋಡುತ್ತಾರೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, 21 ಸಾವಿರದವರೆಗಿನ ಸಂಬಳಕ್ಕೆ ಇಎಸ್‌ಐ ಇದೆ. ವಾರದ ರಜೆ, ಬ್ಯಾಂಕಿಗೆ ಬೀಳುವ ಸಂಬಳ, ಇಎಸ್‌ಐ ಚೀಟಿ, ಈ ಮೂರು ಇದ್ದರೆ ಅದೇ ಅಂಗಡಿ ಕೆಲಸ ಮನೆಯವರ ಕಣ್ಣಲ್ಲೂ ‘ನೌಕರಿ’ ಆಗುತ್ತದೆ.

ಗ್ಯಾರಂಟಿ ದುಡ್ಡಿಂದ ಜನ ಕೆಲಸ ಬಿಟ್ಟರೇ?

ಪೇಟೆಯಲ್ಲಿ ಹೆಚ್ಚು ಕೇಳಿಬರುವ ಮಾತು ಇದು. ಗೃಹಲಕ್ಷ್ಮಿಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ಅದಕ್ಕೆ ‘ಕೆಲಸ ಮಾಡಬಾರದು’ ಎಂಬ ಷರತ್ತು ಇಲ್ಲ. ಕೂಲಿಗೆ ಹೋಗುವ, ಬೀಡಿ ಕಟ್ಟುವ ಹೆಂಗಸಿಗೂ ಅದು ಸಿಗುತ್ತದೆ. ಯುವನಿಧಿ ಬೇರೆ. ಅದರಲ್ಲಿ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಮಾತ್ರ, ಅದೂ ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತದೆ.

ತಿಂಗಳಿಗೆ ಎರಡು ಮೂರು ಸಾವಿರಕ್ಕೆ ಮನೆ ನಡೆಯುವುದಿಲ್ಲ. ತೀರಾ ಕಡಿಮೆ ಸಂಬಳಕ್ಕೆ ‘ಒಲ್ಲೆ’ ಎನ್ನುವ ಧೈರ್ಯ ಸ್ವಲ್ಪ ಬಂದಿರಬಹುದು. ಹಾಗಿದ್ದರೆ ಅದು ಕೆಲಸ ಬಿಟ್ಟಂತಲ್ಲ, ಸಂಬಳದ ಚೌಕಾಸಿ ಮಾಡಿದಂತೆ. ವ್ಯಾಪಾರಸ್ಥರಿಗೆ ಚೌಕಾಸಿ ಹೊಸದೇನಲ್ಲ.

ಬಾಗಿಲು ತಟ್ಟಿದಾಗ ಏನು ಹೇಳಬೇಕು?

ಹಿಂದೆ ಈ ಸಮೀಕ್ಷೆಯಲ್ಲಿ ರಾಜ್ಯಮಟ್ಟದ ಅಂಕಿಗಷ್ಟೇ ಒತ್ತು ಇತ್ತು. 2025ರ ಜನವರಿಯಿಂದ ಮನೆಗಳನ್ನು ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಅಂದರೆ ದಾವಣಗೆರೆ ಜಿಲ್ಲೆಯ ಮನೆಗಳು ಕೊಡುವ ಉತ್ತರಕ್ಕೆ ಮೊದಲಿಗಿಂತ ಬೆಲೆ ಹೆಚ್ಚು. 2011ರ ನಂತರ ಜನಗಣತಿಯೂ ನಡೆದಿರಲಿಲ್ಲ. ಆಗ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ, ಹರಿಹರದ್ದು 83 ಸಾವಿರದಷ್ಟು. ಆ ಹಳೇ ಲೆಕ್ಕದ ಮೇಲೇ ಇಷ್ಟು ವರ್ಷ ಯೋಜನೆ ನಡೆದಿದೆ.

ಹಾಗಾಗಿ ಗಣತಿದಾರರು, ಸಮೀಕ್ಷೆಯವರು ಬಂದಾಗ ಇಷ್ಟು ನೆನಪಿರಲಿ:

• ಪ್ರತಿಯೊಬ್ಬರ ಕೆಲಸವನ್ನು ಸಾಧ್ಯವಾದರೆ ಅವರೇ ಹೇಳಲಿ. ಹೆಂಗಸರ ಪರವಾಗಿ ಗಂಡಸರು ಉತ್ತರಿಸುವುದು ಬೇಡ.

• ಬೀಡಿ, ಹೊಲಿಗೆ, ಹಪ್ಪಳ–ಸಂಡಿಗೆ ಮಾರಾಟ, ಎಮ್ಮೆ ಸಾಕಿ ಹಾಲು ಹಾಕುವುದು, ಟ್ಯೂಷನ್, ಅಂಗಡಿಯಲ್ಲಿ ಕೂರುವುದು ಎಲ್ಲವನ್ನೂ ಹೇಳಿ. ‘ಏನಿಲ್ಲ’ ಎನ್ನಬೇಡಿ.

• ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ನಾಟಿಗೆ ಹೋಗಿದ್ದರೂ ಹೇಳಿ. 30 ದಿನ ಆಗಿದ್ದರೆ ಲೆಕ್ಕಕ್ಕೆ ಬರುತ್ತದೆ.

• ಕೆಲಸ ಸಿಕ್ಕರೆ ಮಾಡಲು ಸಿದ್ಧ ಎಂದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಓದು ಮುಗಿಸಿ ಮನೆಯಲ್ಲಿರುವ ಮಗಳ ವಿಷಯದಲ್ಲಿ ಇದು ಮುಖ್ಯ.

• ಪಿಎಲ್‌ಎಫ್‌ಎಸ್‌ಗೆ ಕೊಟ್ಟ ಉತ್ತರದಿಂದ ರೇಷನ್ ಕಾರ್ಡ್ ಹೋಗುತ್ತದೆ, ಗೃಹಲಕ್ಷ್ಮಿ ನಿಲ್ಲುತ್ತದೆ ಎಂಬ ಭಯ ಬೇಡ. ಹೊರಗೆ ಬರುವುದು ಒಟ್ಟು ಅಂಕಿ ಮಾತ್ರ, ಹೆಸರಲ್ಲ.

ಇದರ ಜೊತೆಗೆ, ಪಿಎಫ್, ಇಎಸ್‌ಐ ಇಲ್ಲದ 16ರಿಂದ 59 ವರ್ಷದ ಕೂಲಿ, ಮನೆಗೆಲಸ, ಬೀದಿ ವ್ಯಾಪಾರ, ಬೀಡಿ ಕೆಲಸದವರು ಇ–ಶ್ರಮ್‌ನಲ್ಲಿ ಹೆಸರು ಬರೆಸಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ಇದ್ದರೆ ಸಾಕು. ಕಟ್ಟಡ ಕೆಲಸದವರಿಗೆ ಬೇರೆ ಮಂಡಳಿ ಇದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗುತ್ತದೆ.

ಒಂದು ಬೀದಿಯಲ್ಲಿ ಮೂವತ್ತು ಹೆಂಗಸರು ಬೀಡಿ ಕಟ್ಟುತ್ತಿದ್ದು, ಕಾಗದದಲ್ಲಿ ಮೂವತ್ತೂ ಜನ ‘ಗೃಹಕೃತ್ಯ’ ಎಂದಾದರೆ, ಆ ಬೀದಿಗೆ ಶಿಶುಪಾಲನಾ ಕೇಂದ್ರ, ಆಸ್ಪತ್ರೆ, ತರಬೇತಿ ಬೇಕು ಎಂದು ಕೇಳಲು ಯಾರ ಕೈಯಲ್ಲೂ ಆಧಾರ ಇರುವುದಿಲ್ಲ. ಹೊಸ ಕಾರ್ಖಾನೆ ಹಾಕುವವರೂ ‘ಇಲ್ಲಿ ಕೆಲಸಕ್ಕೆ ಸಿದ್ಧ ಇರುವ ಜನ ಎಷ್ಟು’ ಎಂದು ನೋಡುವುದು ಇದೇ ಕಾಗದವನ್ನು. ಅದರಲ್ಲಿ ಅರ್ಧ ಊರು ‘ಏನಿಲ್ಲ’ ಎಂದು ಬರೆಸಿದ್ದರೆ, ಕಾರ್ಖಾನೆ ಇನ್ನೊಂದು ಊರಿಗೆ ಹೋಗುತ್ತದೆ. ಅಂಗಡಿ ಬಾಗಿಲಿನ ಚೀಟಿ ಅಲ್ಲೇ ಇರುತ್ತದೆ, ಟೀ ಅಂಗಡಿ ಮುಂದಿನ ಹುಡುಗರೂ ಅಲ್ಲೇ ಇರುತ್ತಾರೆ.